ಸಂತ ಪ್ಯಾಟ್ರಿಕನ ಸ್ವವಾಕ್ಯವೂ ಅವನ ಮಾಹಾತ್ಮ್ಯಕಥೆಗಳೂ

ಪ್ರತಿವರ್ಷವೂ ಮಾರ್ಚಿ ತಿಂಗಳ 17ನೆಯ ತಾರೀಖಿನಂದು ಐರ್ಲೆಂಡ್ ದೇಶದವರೂ, ಆ ದೇಶವನ್ನು ಬಿಟ್ಟು ಭೂಮಂಡಲದ ನಾನಾ ಕಡೆಗಳಲ್ಲಿ ನೆಲಸಿದವರ ಸಂತತಿಯವರೂ ಸಂತ ಪ್ಯಾಟ್ರಿಕನ ಹಬ್ಬವನ್ನು ಆಚರಿಸುತ್ತಾರೆ. ಅಂದು ಮೆರೆಯುವ ಚಿತ್ರಪಟಗಳಲ್ಲಿ ಹಸುರು ನಿಲುವಂಗಿಯನ್ನು ತೊಟ್ಟು, ಬಿಷಪ್ಪನ ಕಿರೀಟವನ್ನು ಧರಿಸಿ, ದಂಡವನ್ನು ಹಿಡಿದ ವೃದ್ಧನೊಬ್ಬನು ನಿಂತಿರುತ್ತಾನೆ. ಅವನ ಕಾಲಬಳಿಯಲ್ಲಿ ಹಾವುಗಳು ಹರಿದೋಡುತ್ತಿರುತ್ತವೆ. ಕೈಯಲ್ಲಿ ಷ್ಯಾಮ್‌ರಾಕ್ ಎಂಬ ಮೂರೆಲೆಯ ಸೊಪ್ಪಿನ ಕುಡಿಯಿರುತ್ತದೆ. ಆ ದ್ವೀಪದ ಸರ್ಪಕುಲವನ್ನೆಲ್ಲ ಸಮುದ್ರಕ್ಕೆ ಅಟ್ಟಿದವನು, ಮೂರೆಲೆಯನ್ನು ತೋರಿಸಿ ತ್ರಿತ್ವದ ತತ್ತ್ವವನ್ನು ಬೋಧಿಸಿದವನು, ತಾರಾ ಬೆಟ್ಟದ ಅರಸನ ಮಾಂತ್ರಿಕರನ್ನು ಪವಾಡದಿಂದ ಸೋಲಿಸಿದವನು—ಲೋಕವು ಬಲ್ಲ ಪ್ಯಾಟ್ರಿಕ್ ಇಷ್ಟೇ. ಆದರೆ ಕ್ರಿಸ್ತಶಕ ಐದನೆಯ ಶತಮಾನದಲ್ಲಿ ಬಾಳಿದ ಆ ಪುರುಷನು ತಾನೇ ಬರೆದ ಎರಡು ಲ್ಯಾಟಿನ್ ಬರಹಗಳು ಇಂದಿಗೂ ಉಳಿದಿವೆ. ಅವುಗಳಲ್ಲಿ ಹಾವೂ ಇಲ್ಲ, ಮೂರೆಲೆಯೂ ಇಲ್ಲ, ತಾರಾ ಬೆಟ್ಟವೂ ಇಲ್ಲ.

ಒಬ್ಬನ ಸ್ವವಾಕ್ಯವು ಕೈಗೆ ದೊರೆಯುತ್ತಿರುವಾಗ, ಎರಡು ಶತಮಾನಗಳ ತರುವಾಯ ಅವನನ್ನು ಕಾಣದವರು ಕಟ್ಟಿದ ಕಥೆಯನ್ನು ಮುಂದಿಟ್ಟು, ಅವನ ಮಾತನ್ನು ಆ ಕಥೆಯ ಅಡಿಯಲ್ಲಿ ಟಿಪ್ಪಣಿಯಂತೆ ಸೇರಿಸುವುದು ನ್ಯಾಯವಲ್ಲ. ಹೀಗೆಂದರೆ ಯಾರೂ ಒಡನೆಯೇ ಅಲ್ಲಗಳೆಯಲಾರರು. ಆದರೂ ಪ್ಯಾಟ್ರಿಕನ ಚರಿತ್ರೆಯನ್ನು ಹೇಳುವವರಲ್ಲಿ ಬಹುಮಂದಿ ಇಂದಿಗೂ ನಡೆಯುತ್ತಿರುವುದು ಆ ಅನ್ಯಾಯದ ದಾರಿಯಲ್ಲಿಯೇ. ಇದು ಪಂಡಿತರ ಪಾಠಾಂತರಗಳ ಜಗಳವೆಂದು ವಾಚಕರು ಉಪೇಕ್ಷಿಸಕೂಡದು. ಬೇರೆ ಸಂತರ ವಿಷಯದಲ್ಲಿ ಕಥೆಯು ಸತ್ಯಕ್ಕೆ ಆಭರಣವನ್ನು ತೊಡಿಸಿದ್ದರೆ ತೊಡಿಸಿರಲಿ. ಪ್ಯಾಟ್ರಿಕನ ವಿಷಯದಲ್ಲಿ ಅದು ಸೆರೆಯಾಳುಗಳ ಪರವಾಗಿ ಅವನೆತ್ತಿದ ಕೂಗನ್ನೇ ಅಡಗಿಸಿಬಿಟ್ಟಿತು.

ಆ ಎರಡು ಬರಹಗಳಲ್ಲಿ ಒಂದು 'ಕನ್‌ಫೆಸ್ಸಿಯೋ', ಎಂದರೆ ಆತ್ಮನಿವೇದನೆ. ಮುಪ್ಪಿನಲ್ಲಿ, ತನ್ನ ಮೇಲೆ ಹೊರಿಸಿದ ಅಪವಾದಗಳಿಗೆ ಉತ್ತರವಾಗಿಯೂ ದೇವರಿಗೆ ಕೃತಜ್ಞತೆಯಾಗಿಯೂ ಅವನು ಇದನ್ನು ಬರೆದನು. ಈಗಿನ ಮುದ್ರಣಗಳಲ್ಲಿ ಇದನ್ನು 62 ಖಂಡಗಳಾಗಿ ವಿಂಗಡಿಸಿರುತ್ತಾರೆ. ಇನ್ನೊಂದು, ಕೊರೊಟಿಕಸ್ ಎಂಬ ದಂಡಾಳ್ವಿಕೆಯ ನಾಯಕನ ಸೈನಿಕರನ್ನು ಕುರಿತ ಓಲೆ. ಅದರಲ್ಲಿ 21 ಖಂಡಗಳು. ಎರಡನ್ನೂ ಕೂಡಿಸಿದರೆ ಒಂದು ಸಂಜೆಯಲ್ಲಿ ಓದಿ ಮುಗಿಸುವಷ್ಟು ಗ್ರಂಥ. ಐದನೆಯ ಶತಮಾನದ ಬ್ರಿಟನ್ ಮತ್ತು ಐರ್ಲೆಂಡುಗಳ ವಿಷಯವಾಗಿ ಅಲ್ಲಿಯೇ ಬಾಳಿದ ಮನುಷ್ಯನು ತನ್ನ ಕಷ್ಟಸುಖಗಳನ್ನು ಹೇಳಿಕೊಂಡ ಬರಹವು ಎಷ್ಟು ದುರ್ಲಭವೆಂಬುದನ್ನು ನೆನೆದರೆ, ಈ ಕೆಲವು ಪುಟಗಳ ಬೆಲೆ ತಿಳಿದೀತು.

ಆತ್ಮನಿವೇದನೆಯ ಮೊದಲಲ್ಲಿಯೇ ಅವನು ತನ್ನನ್ನು ಪಾಪಿಯೆಂದೂ, ಭಕ್ತರೆಲ್ಲರಲ್ಲಿ ಅತ್ಯಂತ ಹಳ್ಳಿಗನೂ ಅಲ್ಪನೂ ಆದವನೆಂದೂ ಹೇಳಿಕೊಳ್ಳುತ್ತಾನೆ. ತಂದೆ ಕಲ್ಪೋರ್ನಿಯಸ್ ಕ್ರೈಸ್ತ ಸಭೆಯಲ್ಲಿ ಡೀಕನ್ ಪದವಿಯವನು. ತಾತ ಪೊಟೀಟಸ್ ಪಾದ್ರಿ. ಊರು ಬನ್ನಾವೆಮ್ ತಬುರ್ನಿಯೇ, ರೋಮನರ ನಾಗರಿಕತೆಯು ಹರಡಿದ್ದ ಬ್ರಿಟನ್ನಿನಲ್ಲಿ. ಸುಮಾರು ಹದಿನಾರು ವರ್ಷದ ಹುಡುಗನಾಗಿದ್ದಾಗ ದರೋಡೆಗಾರರು ಅವನನ್ನು ಸಾವಿರಾರು ಮಂದಿಯೊಡನೆ ಹಿಡಿದು ಐರ್ಲೆಂಡಿಗೆ ಸಾಗಿಸಿದರು. ಅಲ್ಲಿ ಆರು ವರ್ಷಗಳು ದಾಸ್ಯ. ಕುರಿಗಳನ್ನು ಕಾಯುತ್ತ, ಹಿಮದಲ್ಲಿಯೂ ಮಳೆಯಲ್ಲಿಯೂ ಬೆಳಗಾಗುವ ಮುನ್ನ ಎದ್ದು, ಹಗಲಿಗೆ ನೂರು ಬಾರಿ, ಇರುಳಿಗೆ ಹೆಚ್ಚುಕಡಿಮೆ ಅಷ್ಟೇ ಬಾರಿ ಪ್ರಾರ್ಥಿಸುತ್ತಿದ್ದನಂತೆ. ತಂದೆಯ ಮನೆಯಲ್ಲಿ ಕಾಣದ ದೇವರನ್ನು ಆ ಹುಡುಗನು ಒಡೆಯನ ಹುಲ್ಲುಗಾವಲಿನಲ್ಲಿ ಕಂಡನು. ಕಡೆಗೆ ಕನಸಿನಲ್ಲಿ ಕೇಳಿದ ಧ್ವನಿಯೊಂದನ್ನು ನಂಬಿ ಇನ್ನೂರು ಮೈಲಿ ನಡೆದು, ಪರಿಚಯವಿಲ್ಲದ ರೇವಿನಲ್ಲಿ ಪರಿಚಯವಿಲ್ಲದ ನಾವಿಕರನ್ನು ಬೇಡಿ, ಅವರಿಂದ ಮೊದಲು ಇಲ್ಲವೆನಿಸಿಕೊಂಡು, ಆಮೇಲೆ ಹಡಗನ್ನು ಏರಿದನು. ಕೆಲವು ವರ್ಷಗಳಾದ ಮೇಲೆ ಬ್ರಿಟನ್ನಿನಲ್ಲಿ ತಂದೆತಾಯಿಗಳ ಬಳಿಯಲ್ಲಿದ್ದಾಗ ಮತ್ತೊಂದು ಕನಸು: ವಿಕ್ಟೋರಿಕಸ್ ಎಂಬವನು ಐರ್ಲೆಂಡಿನಿಂದ ಲೆಕ್ಕವಿಲ್ಲದಷ್ಟು ಓಲೆಗಳನ್ನು ತಂದಂತೆಯೂ, ಪಡುವಣ ಕಡಲ ಬಳಿಯ ವೋಕ್ಲುಟ್ ಕಾಡಿನ ಜನರು ಪುನಃ ಬಂದು ತಮ್ಮ ನಡುವೆ ನಡೆದಾಡಬೇಕೆಂದು ಅವನನ್ನು ಕೂಗಿ ಕರೆದಂತೆಯೂ ಕಂಡಿತು. ತನ್ನನ್ನು ದಾಸನನ್ನಾಗಿ ಮಾಡಿಕೊಂಡಿದ್ದ ದೇಶಕ್ಕೆ ಅವನು ತಾನಾಗಿಯೇ ಹಿಂದಿರುಗಿದನು.

ಮಾಹಾತ್ಮ್ಯಕಾರರು ಬರೆಯಲು ಅಂಜುವ ಸಂಗತಿಗಳನ್ನು ಅವನು ಬರೆಯುತ್ತಾನೆ. ಹದಿನೈದು ವರ್ಷವೂ ತುಂಬಿತ್ತೋ ಇಲ್ಲವೋ ಎಂಬ ವಯಸ್ಸಿನಲ್ಲಿ ಒಂದು ದಿನ ತಾನು ಮಾಡಿದ ತಪ್ಪೊಂದನ್ನು ಅವನು ಆಪ್ತಮಿತ್ರನೊಬ್ಬನಿಗೆ ಗುಟ್ಟಾಗಿ ಹೇಳಿಕೊಂಡಿದ್ದನು. ಮೂವತ್ತು ವರ್ಷಗಳ ಮೇಲೆ ಆ ಗುಟ್ಟು ಬಯಲಾಗಿ, ಬ್ರಿಟನ್ನಿನ ಹಿರಿಯರು ಅದನ್ನೇ ಹಿಡಿದು ಅವನ ಬಿಷಪ್ ಪದವಿಯನ್ನು ಪ್ರಶ್ನಿಸಿದರು. ಅಂದು ತಾನು ಬೀಳುವುದರಲ್ಲಿದ್ದೆನೆಂದು ಅವನೇ ಒಪ್ಪಿಕೊಳ್ಳುತ್ತಾನೆ. ತಪ್ಪು ಏನೆಂಬುದನ್ನು ಹೇಳುವುದಿಲ್ಲ. ಮಿತ್ರನ ಹೆಸರನ್ನೂ ಹೇಳುವುದಿಲ್ಲ. ಹಣದ ವಿಷಯವಾಗಿ ಬಂದ ಸಂಶಯಕ್ಕೂ ಅವನು ಉತ್ತರ ಕೊಡುತ್ತಾನೆ: ಸಾವಿರಾರು ಜನರಿಗೆ ಸ್ನಾನದೀಕ್ಷೆ ಕೊಟ್ಟು ಯಾರಿಂದಲೂ ಬಿಡಿಕಾಸನ್ನೂ ಮುಟ್ಟಲಿಲ್ಲವೆಂದೂ, ಭಕ್ತೆಯರು ಬಲಿಪೀಠದ ಮೇಲೆ ಹಾಕಿದ ಒಡವೆಗಳನ್ನು, ಅವರು ನೊಂದುಕೊಂಡರೂ, ಹಿಂದಕ್ಕೆ ಕೊಟ್ಟೆನೆಂದೂ ಹೇಳುತ್ತಾನೆ. ಅದೇ ಉಸಿರಿನಲ್ಲಿ, ಅರಸರಿಗೆ ಕಾಣಿಕೆಗಳನ್ನೂ, ಜೊತೆಗೆ ಬರುವ ಅರಸುಮಕ್ಕಳಿಗೆ ಸಂಬಳವನ್ನೂ, ನ್ಯಾಯ ಹೇಳುವವರಿಗೆ ಹದಿನೈದು ಆಳುಗಳ ಬೆಲೆಗೆ ಕಡಮೆಯಿಲ್ಲದ ಧನವನ್ನೂ ಕೊಟ್ಟು ಸಂಚರಿಸಿದುದನ್ನು ಮರೆಮಾಡದೆ ತಿಳಿಸುತ್ತಾನೆ. ಒಮ್ಮೆ ಅವನನ್ನೂ ಸಂಗಡಿಗರನ್ನೂ ಹಿಡಿದು ಕಬ್ಬಿಣದ ಬೇಡಿ ತೊಡಿಸಿದರು. ಹದಿನಾಲ್ಕನೆಯ ದಿನ ಬಿಡುಗಡೆಯಾಯಿತು. ಪವಾಡದಿಂದ ಬೇಡಿ ಕಳಚಿಬಿತ್ತೆಂದು ಅವನು ಬರೆಯಲಿಲ್ಲ. ಮುಂಚೆಯೇ ಸಂಪಾದಿಸಿಕೊಂಡಿದ್ದ ಮಿತ್ರರ ದೆಸೆಯಿಂದಲೂ ದೇವರ ದಯೆಯಿಂದಲೂ ಬಿಡುಗಡೆಯಾಯಿತೆಂದು ಬರೆದನು.

ಇನ್ನು ಮಾಹಾತ್ಮ್ಯಗಳನ್ನು ನೋಡಬೇಕು. ಏಳನೆಯ ಶತಮಾನದ ಉತ್ತರಾರ್ಧದಲ್ಲಿ, ಎಂದರೆ ಪ್ಯಾಟ್ರಿಕನು ತೀರಿಕೊಂಡು ಇನ್ನೂರು ವರ್ಷಗಳಾಗುತ್ತ ಬಂದಾಗ, ಮುಯಿರ್ಖು ಎಂಬವನು ಅವನ ಚರಿತೆಯನ್ನು ರಚಿಸಿದನು. ತೀರೆಖಾನ್ ಎಂಬ ಬಿಷಪ್ಪನು ಅವನ ಸಂಚಾರಗಳ ವೃತ್ತಾಂತವನ್ನು ಸಂಗ್ರಹಿಸಿದನು. ಆಗ ಅರ್ಮಾಗ್ ಮಠವು ಐರ್ಲೆಂಡಿನ ಕ್ರೈಸ್ತ ಸಭೆಗಳಲ್ಲೆಲ್ಲ ತನ್ನದೇ ಅಗ್ರಸ್ಥಾನವೆಂದು ವಾದಿಸುತ್ತಿತ್ತು. ಆ ವಾದಕ್ಕೆ ಬೇಕಾಗಿದ್ದ ಮೂಲಪುರುಷನು ಬೇಡಿ ತೊಟ್ಟವನೂ, ಹಿರಿಯರ ಮುಂದೆ ತಲೆತಗ್ಗಿಸಿದವನೂ ಆಗಿದ್ದರೆ ಸಾಗುತ್ತಿರಲಿಲ್ಲ, ಅರಸರನ್ನು ನಡುಗಿಸುವವನಾಗಬೇಕಾಗಿತ್ತು. ಆದುದರಿಂದಲೇ ಮುಯಿರ್ಖುವಿನ ಪ್ಯಾಟ್ರಿಕನು ಈಸ್ಟರ್ ಹಬ್ಬದ ಹಿಂದಿನ ರಾತ್ರಿ ಅರಸನ ಆಜ್ಞೆಯನ್ನು ಮೀರಿ ಬೆಂಕಿಯನ್ನು ಹೊತ್ತಿಸುತ್ತಾನೆ. ಎದುರಿಸಿದ ಮಾಂತ್ರಿಕನನ್ನು ಪ್ರಾರ್ಥನೆಯ ಬಲದಿಂದ ಗಾಳಿಗೆ ಎತ್ತಿ ಕಲ್ಲಿನ ಮೇಲೆ ಕೆಡವಿ ತಲೆಯೊಡೆಯಿಸುತ್ತಾನೆ. ತೀರೆಖಾನನ ಪ್ಯಾಟ್ರಿಕನು ಊರೂರಿಗೂ ಹೋಗಿ ಒಂದೊಂದು ಸಭೆಯನ್ನು ಸ್ಥಾಪಿಸುತ್ತಾನೆ. ಆ ಊರುಗಳ ಪಟ್ಟಿಯೇ ಅರ್ಮಾಗಿನ ಹಕ್ಕುಪತ್ರವಾಗುತ್ತದೆ. ಸ್ಥಳಪುರಾಣಗಳನ್ನು ಬಲ್ಲವರಿಗೆ ಈ ರೀತಿಯು ಹೊಸದಲ್ಲ.

ಮೂಲದಲ್ಲಿಯೇ ಇಲ್ಲದುದು ಕಾಲ ಕಳೆದಂತೆ ಬೆಳೆಯುತ್ತದೆ. ಹಾವುಗಳನ್ನು ಅಟ್ಟಿದ ಕಥೆಯನ್ನು ಪ್ರಸಿದ್ಧಿಗೆ ತಂದವನು ಹನ್ನೆರಡನೆಯ ಶತಮಾನದ ಕೊನೆಯ ಭಾಗದ ಜೋಸೆಲಿನ್ ಎಂಬ ಸನ್ಯಾಸಿ. ಆದರೆ ಐರ್ಲೆಂಡಿನಲ್ಲಿ ಹಾವುಗಳಿಲ್ಲವೆಂಬುದನ್ನು ಪ್ಯಾಟ್ರಿಕನು ಹುಟ್ಟುವುದಕ್ಕೆ ಮೊದಲೇ, ಮೂರನೆಯ ಶತಮಾನದ ಸೋಲಿನಸ್ ಎಂಬ ಲ್ಯಾಟಿನ್ ಗ್ರಂಥಕಾರನು ಬರೆದಿಟ್ಟಿದ್ದನು. ಜೋಸೆಲಿನ್ನನ ಸಮಕಾಲೀನನೇ ಆದ ಜೆರಾಲ್ಡ್ ಎಂಬ ವೇಲ್ಸಿನ ಪಾದ್ರಿಯು ಕೂಡ ಈ ಅಟ್ಟಿದ ಕಥೆಯನ್ನು ಕೇಳಿ ನಂಬದೆ ಹೋದನು. ಮೂರೆಲೆಯ ಕಥೆಯಂತೂ ಇನ್ನೂ ಈಚಿನದು. ಅದು ಬರಹದಲ್ಲಿ ಮೊದಲು ಕಾಣಿಸಿಕೊಳ್ಳುವುದು 1726ರಲ್ಲಿ ಪ್ರಕಟವಾದ, ಕೇಲಬ್ ಥ್ರೆಲ್ಕೆಲ್ಡ್ ಎಂಬವನ ಸಸ್ಯಗ್ರಂಥವೊಂದರಲ್ಲಿ. ಎಂದರೆ ಸಂತನಿಗೂ ಅವನ ಕೈಯಲ್ಲಿಟ್ಟ ಸೊಪ್ಪಿಗೂ ನಡುವೆ ಸುಮಾರು ಸಾವಿರದ ಇನ್ನೂರು ವರ್ಷಗಳ ಅಂತರವಿದೆ.

ಇವು ನಿರಪಾಯವಾದ ಕಥೆಗಳು, ಇವುಗಳಿಂದ ಯಾರಿಗೇನು ನಷ್ಟ ಎಂದು ಕೇಳುವವರುಂಟು. ಹಾವಿನಿಂದಲೂ ಸೊಪ್ಪಿನಿಂದಲೂ ನಷ್ಟವಿಲ್ಲದಿರಬಹುದು. ನಷ್ಟವು ಎಲ್ಲಿದೆಯೆಂಬುದನ್ನು ತಿಳಿಯಬೇಕಾದರೆ ಎರಡನೆಯ ಬರಹವನ್ನು, ಕೊರೊಟಿಕಸನ ಸೈನಿಕರನ್ನು ಕುರಿತ ಓಲೆಯನ್ನು ತೆರೆಯಬೇಕು.

ಕೊರೊಟಿಕಸನೂ ಅವನ ಸೈನಿಕರೂ ಹೆಸರಿಗೆ ಕ್ರೈಸ್ತರೇ. ಅವರು ಐರ್ಲೆಂಡಿನ ಮೇಲೆ ಬಿದ್ದು ಪ್ಯಾಟ್ರಿಕನ ಹೊಸ ಶಿಷ್ಯರಲ್ಲಿ ಕೆಲವರನ್ನು ಕೊಂದು, ಉಳಿದವರನ್ನು ಕೊಳ್ಳೆಯ ವಸ್ತುಗಳಂತೆ ಸಾಗಿಸಿದರು. ಸತ್ತವರು ದೀಕ್ಷೆಯ ಬಿಳಿಯ ಬಟ್ಟೆಯನ್ನು ಇನ್ನೂ ಕಳಚಿರಲಿಲ್ಲ. ಅಭಿಷೇಕದ ತೈಲದ ಪರಿಮಳವು ಅವರ ಹಣೆಯಿಂದ ಆರಿರಲಿಲ್ಲ. ಪ್ಯಾಟ್ರಿಕನು ತಾನು ಎಳೆತನದಿಂದ ಕಲಿಸಿ ಬೆಳಸಿದ ಒಬ್ಬ ಪಾದ್ರಿಯ ಕೈಯಲ್ಲಿ ಓಲೆ ಕೊಟ್ಟು, ಕೊಳ್ಳೆಯಲ್ಲಿ ಸ್ವಲ್ಪವನ್ನಾದರೂ, ಸೆರೆಹಿಡಿದ ದೀಕ್ಷಿತರನ್ನಾದರೂ ಹಿಂದಿರುಗಿಸಬೇಕೆಂದು ಕೇಳಿಕೊಂಡನು. ಸೈನಿಕರು ಅದನ್ನು ಕೇಳಿ ನಕ್ಕರು. ಆ ನಗುವಿನ ಮೇಲೆ ಬರೆದುದೇ ಈಗ ಉಳಿದಿರುವ ಓಲೆ.

ಇದರಲ್ಲಿ ಪ್ಯಾಟ್ರಿಕನು ಅವರನ್ನು ತನ್ನ ಊರಿನವರೆಂದಾಗಲಿ ರೋಮನ್ ಭಕ್ತರ ಒಡನಾಡಿಗಳೆಂದಾಗಲಿ ಕರೆಯಲು ಒಪ್ಪುವುದಿಲ್ಲ. ಅವರ ದುಷ್ಕೃತ್ಯಗಳಿಂದಾಗಿ ಅವರು ಪಿಶಾಚಗಳ ಊರಿನವರೆನ್ನುತ್ತಾನೆ. ಗಾಲ್ ದೇಶದ ರೋಮನ್ ಕ್ರೈಸ್ತರು ಯೋಗ್ಯರಾದ ಪಾದ್ರಿಗಳನ್ನು ಸಾವಿರಾರು ಚಿನ್ನದ ನಾಣ್ಯಗಳೊಡನೆ ಫ್ರಾಂಕರ ಬಳಿಗೆ ಕಳುಹಿಸಿ, ದೀಕ್ಷೆ ಪಡೆದ ಸೆರೆಯಾಳುಗಳನ್ನು ಬಿಡಿಸಿಕೊಳ್ಳುವ ಪದ್ಧತಿಯನ್ನು ಜ್ಞಾಪಿಸಿ, ಇವರಾದರೋ ಅದೇ ಕ್ರೈಸ್ತರನ್ನು ದೇವರನ್ನರಿಯದ ದೂರದ ಜನಾಂಗಕ್ಕೆ ಮಾರುವವರೆಂದು ಖಂಡಿಸುತ್ತಾನೆ. ಕೊಂಡವರಲ್ಲಿ ಪಿಕ್ಟರೂ ಇದ್ದರು. ಅವರನ್ನು ಅವನು ಮತಭ್ರಷ್ಟರೆಂದೇ ಕರೆಯುತ್ತಾನೆ. ಬಹುಮಾನದಂತೆ ಹಂಚಿಹೋದ ಹೆಣ್ಣುಮಕ್ಕಳಿಗಾಗಿ ಗೋಳಿಡುತ್ತಾನೆ. ಕಡೆಗೆ ಅವನ ಆಜ್ಞೆ ಇದು: ಸೆರೆಯಾಳುಗಳನ್ನು ಬಿಟ್ಟು, ಕಣ್ಣೀರಿನಿಂದ ಪ್ರಾಯಶ್ಚಿತ್ತ ಮಾಡಿಕೊಳ್ಳುವವರೆಗೂ ಅವರೊಡನೆ ಯಾವ ಕ್ರೈಸ್ತನೂ ಉಣ್ಣಬಾರದು, ಕುಡಿಯಬಾರದು, ಅವರ ದಾನವನ್ನು ಮುಟ್ಟಬಾರದು. ಬಲವುಳ್ಳ ಸ್ವಮತೀಯನ ಪಂಕ್ತಿಯನ್ನು ಅನ್ಯದೇಶದ ಬಡ ಸೆರೆಯಾಳುಗಳಿಗಾಗಿ ಬಹಿಷ್ಕರಿಸಿದ ಈ ಮಾತು, ಅದನ್ನು ಬರೆದವನಿಗೆ ಎಷ್ಟು ಮಂದಿ ಶತ್ರುಗಳನ್ನು ತಂದಿದ್ದೀತೆಂಬುದನ್ನು ಊಹಿಸುವುದು ಕಷ್ಟವಲ್ಲ.

ಇದೇ ಕೊರೊಟಿಕಸನ ಪ್ರಸಂಗವು ಮುಯಿರ್ಖುವಿನ ಚರಿತೆಯಲ್ಲಿ ಏನಾಯಿತು? ಅಲ್ಲಿ ಪ್ಯಾಟ್ರಿಕನು ಆ ಕ್ರೂರ ಅರಸನಿಗೆ ಓಲೆ ಬರೆಯುತ್ತಾನೆ, ಅರಸನು ಹಾಸ್ಯಮಾಡುತ್ತಾನೆ, ಸಂತನು ದೇವರನ್ನು ಪ್ರಾರ್ಥಿಸುತ್ತಾನೆ, ಕೆಲವು ದಿನಗಳಲ್ಲಿ ಅರಸನು ತನ್ನವರೆಲ್ಲರ ಎದುರಿಗೆ ನರಿಯಾಗಿ ಓಡಿಹೋಗುತ್ತಾನೆ, ಮತ್ತೆಂದೂ ಕಣ್ಣಿಗೆ ಬೀಳುವುದಿಲ್ಲ. ಕಥೆಯು ಸೊಗಸಾಗಿದೆ. ಕೇಳಿದವರು ಸಂತೋಷದಿಂದ ಮನೆಗೆ ಹೋಗಿ ಮಲಗಬಹುದು. ಆದರೆ ಮಾರಿಹೋದ ಹೆಣ್ಣುಮಕ್ಕಳ ಗತಿ ಏನು? ಬಿಳಿಯ ಬಟ್ಟೆಯಲ್ಲಿ ಸತ್ತವರೆಲ್ಲಿ? ಅರಸನೊಡನೆ ಉಣ್ಣುತ್ತಿದ್ದ ಕ್ರೈಸ್ತರ ಮೇಲೆ ಓಲೆಯು ಹೊರಿಸಿದ ಭಾರವೆಲ್ಲಿ? ಅರಸನು ನರಿಯಾದಮೇಲೆ ಇವಾವುದನ್ನೂ ಕೇಳುವ ಅಗತ್ಯವೇ ಉಳಿಯದು. ಓಲೆಯಲ್ಲಿ ಶಿಕ್ಷೆ ವಿಧಿಸಬೇಕಾದವರು ನೆರೆಹೊರೆಯ ಕ್ರೈಸ್ತರು. ಕಥೆಯಲ್ಲಿ ಆ ಕೆಲಸವನ್ನು ಪವಾಡವೇ ಮಾಡಿ ಮುಗಿಸುತ್ತದೆ, ಕ್ರೈಸ್ತರು ನೋಡುತ್ತ ನಿಂತಿರಬಹುದು. ಪ್ಯಾಟ್ರಿಕನ ನಿಜವಾದ ಓಲೆಯು ಸಫಲವಾಯಿತೆಂದು ಅವನು ಎಲ್ಲಿಯೂ ಹೇಳಿಲ್ಲ. ಅವನ ದುಃಖವನ್ನು ಗೆಲುವನ್ನಾಗಿ ತಿರುಗಿಸಿದುದೇ ಮಾಹಾತ್ಮ್ಯವು ಮಾಡಿದ ಅಪಚಾರ.

ಅಪಚಾರವು ಅಲ್ಲಿಗೇ ನಿಲ್ಲಲಿಲ್ಲ. ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ ರಕ್ಷಿತವಾಗಿರುವ 'ಅರ್ಮಾಗಿನ ಗ್ರಂಥ'ವೆಂಬ ಹಸ್ತಪ್ರತಿಯನ್ನು ಫರ್ಡೊಮ್ನಾಖ್ ಎಂಬ ಲಿಪಿಕಾರನು 807ರ ಸುಮಾರಿಗೆ ಬರೆದನು. ಆತ್ಮನಿವೇದನೆಯ ಪ್ರತಿಗಳಲ್ಲಿ ಇದೇ ಅತ್ಯಂತ ಹಳೆಯದು. ಅಲ್ಲಿ ಮುಯಿರ್ಖು ಇದ್ದಾನೆ, ತೀರೆಖಾನ್ ಇದ್ದಾನೆ, ಅರ್ಮಾಗಿನ ಹಕ್ಕುಗಳನ್ನು ಸಾರುವ ಬರಹವೂ ಇದೆ. ಆತ್ಮನಿವೇದನೆಯೂ ಇದೆ, ಆದರೆ ಅದರಲ್ಲಿ ಅನೇಕ ಭಾಗಗಳು ಬಿಟ್ಟುಹೋಗಿವೆ. ಇಲ್ಲಿಯವರೆಗಿನದನ್ನು ಪ್ಯಾಟ್ರಿಕನು ತನ್ನ ಕೈಯಿಂದಲೇ ಬರೆದನೆಂಬ ಅರ್ಥದ ಒಕ್ಕಣೆಯು ಅದರ ಕೊನೆಯಲ್ಲಿದೆ. ಕೊರೊಟಿಕಸನ ಸೈನಿಕರ ಓಲೆಯು ಮಾತ್ರ ಆ ಗ್ರಂಥದಲ್ಲಿ ಇಲ್ಲ. ಆತ್ಮನಿವೇದನೆಯ ಪೂರ್ಣಪಾಠವೂ ಈ ಓಲೆಯೂ ಉಳಿದುಬಂದುದು ಬೇರೆ ಹಸ್ತಪ್ರತಿಗಳಲ್ಲಿ. 1952ರಲ್ಲಿ ಲುಡ್ವಿಗ್ ಬೀಲರ್ ಎಂಬ ವಿದ್ವಾಂಸನು ಅವೆಲ್ಲವನ್ನೂ ಹೋಲಿಸಿ ಶುದ್ಧಪಾಠವನ್ನು ಪ್ರಕಟಿಸಿದನು. ಸಂತನ ಹೆಸರಿನಿಂದ ಬೆಳೆದ ಮಠದ ಗ್ರಂಥದಲ್ಲಿಯೇ ಸಂತನ ಅತ್ಯಂತ ತೀಕ್ಷ್ಣವಾದ ಮಾತಿಗೆ ಎಡೆ ದೊರೆಯಲಿಲ್ಲ.

ಸ್ವವಾಕ್ಯವೇ ಪ್ರಮಾಣವೆಂಬ ಈ ಪಕ್ಷಕ್ಕೆ ವಿರೋಧವಾಗಿ ಹೇಳುವ ಮಾತುಗಳಲ್ಲಿ ಮೂರು ವಿಚಾರಾರ್ಹವಾಗಿವೆ. ಮೊದಲನೆಯದು ಭಕ್ತರದು. ಜನಸಾಮಾನ್ಯರ ಭಕ್ತಿಯು ಕಥೆಯಿಂದ ಬೆಳೆಯುತ್ತದೆ, ಪಾಠಶೋಧನೆಯಿಂದ ಬೆಳೆಯುವುದಿಲ್ಲ. ಪವಾಡಗಳನ್ನು ತೆಗೆದುಹಾಕಿದರೆ ಸಂತನು ಬರಿಯ ಹಳೆಯ ಕಾಗದವಾಗುತ್ತಾನೆ ಎನ್ನುತ್ತಾರೆ. ಇದನ್ನು ಹೇಳುವವರು ಆ ಕಾಗದವನ್ನು ಓದಿಲ್ಲವೆಂದೇ ಹೇಳಬೇಕಾಗುತ್ತದೆ. ಇರುಳಿನ ಹಿಮದಲ್ಲಿ ಮಂಡಿಯೂರಿದ ದಾಸ ಬಾಲಕನಿಗಿಂತ ಮಾಂತ್ರಿಕನ ತಲೆಯೊಡೆದ ಬಿಷಪ್ಪನು ಭಕ್ತಿಗೆ ಹೆಚ್ಚು ಯೋಗ್ಯನೆ? ಕಥೆಗಳನ್ನು ಕಥೆಗಳೆಂದು ಹೇಳಲಿ, ಹಾಡಲಿ, ಚಿತ್ರಿಸಲಿ; ಏಳನೆಯ ಶತಮಾನದ ಐರ್ಲೆಂಡನ್ನು ತಿಳಿಯುವುದಕ್ಕೆ ಅವು ಅಮೂಲ್ಯ ಸಾಧನಗಳೂ ಹೌದು. ಐದನೆಯ ಶತಮಾನದ ಮನುಷ್ಯನಿಗೆ ಅವು ಸಾಕ್ಷಿಯಾಗಲಾರವು. ಇಷ್ಟನ್ನು ಒಪ್ಪಿದರೆ ಭಕ್ತರೊಡನೆ ವಿವಾದವಿಲ್ಲ.

ಎರಡನೆಯದು ಸಂಶಯವಾದಿಗಳದು. ತನ್ನ ವಿಷಯವಾಗಿ ತಾನೇ ಬರೆದುಕೊಂಡವನು, ಅದರಲ್ಲಿಯೂ ಆರೋಪಕ್ಕೆ ಉತ್ತರವಾಗಿ ಬರೆದವನು, ನಂಬಿಕೆಗೆ ಅರ್ಹನೇ ಎಂದು ಇವರು ಕೇಳುತ್ತಾರೆ. 2019ರಲ್ಲಿ ಪ್ರಕಟವಾದ ಗ್ರಂಥದಲ್ಲಿ ರಾಯ್ ಫ್ಲೆಕ್ನರ್ ಎಂಬ ಇತಿಹಾಸಕಾರನು, ಪ್ಯಾಟ್ರಿಕನು ತಂದೆಯ ನಗರಾಧಿಕಾರದ ಹೊಣೆಯು ತನ್ನ ಮೇಲೆ ಬೀಳದಿರಲೆಂದು ಐರ್ಲೆಂಡಿಗೆ ಹೋಗಿರಬಹುದೆಂಬ ಸಂಭವವನ್ನು ಎತ್ತಿ ತೋರಿಸಿದ್ದಾನೆ. ರೋಮನ್ ಪದ್ಧತಿಯಲ್ಲಿ ತೆರಿಗೆಯ ಭಾರವನ್ನು ಹೊರಬೇಕಾಗಿದ್ದ ಆ ಹೊಣೆಯಿಂದ ತಪ್ಪಿಸಿಕೊಂಡವರು ಅನೇಕರಿದ್ದರು. ಈ ಊಹೆಯನ್ನು ಒಪ್ಪುವುದೂ ಬಿಡುವುದೂ ಬೇರೆಯ ಮಾತು. ಆದರೆ ತಂದೆಯು ಡೆಕುರಿಯೋ ಎಂಬ ನಗರಾಧಿಕಾರಿಯಾಗಿದ್ದನೆಂಬ ಸಂಗತಿಯು ಫ್ಲೆಕ್ನರನಿಗೆ ದೊರೆತುದೆಲ್ಲಿ? ಪ್ಯಾಟ್ರಿಕನ ಓಲೆಯಲ್ಲಿಯೇ! ಅವನನ್ನು ಸಂಶಯಿಸುವುದಕ್ಕೆ ಬೇಕಾದ ಸಾಮಗ್ರಿಯನ್ನೂ ಅವನೇ ಒದಗಿಸಿದ್ದಾನೆ. ಸ್ವವಾಕ್ಯವನ್ನು ಮೊದಲು ಓದಬೇಕೆಂದರೆ ಅದನ್ನು ವೇದವಾಕ್ಯವೆಂದು ತಲೆಯ ಮೇಲೆ ಹೊರಬೇಕೆಂದಲ್ಲ. ಸಾಕ್ಷಿಯನ್ನು ಪಾಟೀಸವಾಲಿಗೆ ಗುರಿಮಾಡಬೇಕಾದರೂ ಮೊದಲು ಅವನ ಹೇಳಿಕೆಯನ್ನು ಪೂರ್ತಿಯಾಗಿ ಕೇಳಬೇಕು. ಅದಲ್ಲದೆ, ತನ್ನನ್ನು ಹೊಗಳಿಕೊಳ್ಳುವುದಕ್ಕಾಗಿಯೇ ಬರೆಯುವವನು ಹಳೆಯ ಪಾಪವನ್ನೂ, ನ್ಯಾಯಾಧಿಪತಿಗಳಿಗೆ ಕೊಟ್ಟ ಹಣವನ್ನೂ, ತನ್ನ ಓಲೆಯನ್ನು ಕೇಳಿ ಸೈನಿಕರು ನಕ್ಕುದನ್ನೂ ಬರೆದಿಡುವುದಿಲ್ಲ.

ಮೂರನೆಯದು ಮಧ್ಯಸ್ಥರದು, ಅಪಾಯಕರವಾದುದು ಇದೇ. ಸ್ವವಾಕ್ಯದಲ್ಲಿ ಕಾಲವಿಲ್ಲ, ಸ್ಥಳಗಳ ಹೆಸರುಗಳಿಲ್ಲ. ಆದಕಾರಣ ಅಲ್ಲಿಯ ಬಿರುಕುಗಳಿಗೆ ಮಾಹಾತ್ಮ್ಯದ ಗಾರೆಯನ್ನು ತುಂಬಿದರೆ ಚರಿತ್ರೆಯು ಪೂರ್ಣವಾಗುತ್ತದೆ ಎನ್ನುತ್ತಾರೆ. ಫಲವೇನಾಯಿತೆಂಬುದಕ್ಕೆ ಒಂದು ನಿದರ್ಶನ ಸಾಕು. ಪ್ಯಾಟ್ರಿಕನು ಐರ್ಲೆಂಡಿನೊಳಗೆ ಹೆಸರಿಸುವ ಸ್ಥಳ ಒಂದೇ: ಪಡುವಣ ಕಡಲ ಬಳಿಯ ವೋಕ್ಲುಟ್ ಕಾಡು. ಮುಯಿರ್ಖುವಾದರೋ ಅವನ ದಾಸ್ಯದ ಸ್ಥಳವನ್ನು ಈಶಾನ್ಯದಲ್ಲಿರುವ ಸ್ಲೆಮಿಷ್ ಬೆಟ್ಟದಲ್ಲಿಟ್ಟನು. ಇಂದಿಗೂ ಹಬ್ಬದ ದಿನ ಯಾತ್ರಿಕರು ಹತ್ತುವುದು ಸ್ಲೆಮಿಷ್ ಬೆಟ್ಟವನ್ನೇ. ಕಾಲದ ವಿಷಯದಲ್ಲಿಯೂ ಹೀಗೆಯೇ. 431ರಲ್ಲಿ ಪೋಪ್ ಸೆಲೆಸ್ಟೈನನು ಪಲ್ಲಾಡಿಯಸ್ ಎಂಬವನನ್ನು ಐರ್ಲೆಂಡಿನ ಭಕ್ತರಿಗೆ ಮೊದಲನೆಯ ಬಿಷಪ್ಪನನ್ನಾಗಿ ಕಳುಹಿಸಿದನೆಂದು ಸಮಕಾಲೀನನಾದ ಪ್ರಾಸ್ಪರನು ಬರೆದಿದ್ದಾನೆ. ಅದರ ಮರುವರ್ಷಕ್ಕೆ, 432ಕ್ಕೆ, ಪ್ಯಾಟ್ರಿಕನ ಆಗಮನವನ್ನು ಹೊಂದಿಸಿದವರು ಬಹುಕಾಲದ ಮೇಲೆ ವಾರ್ಷಿಕ ವೃತ್ತಾಂತಗಳನ್ನು ಬರೆದ ಮಠವಾಸಿಗಳು. ಅವನ ಮರಣಕ್ಕೆ ಅವರು ಕೊಡುವ ವರ್ಷಗಳು ಒಂದಕ್ಕೊಂದು ಮೂವತ್ತು ವರ್ಷಗಳಷ್ಟು ದೂರವಾಗಿವೆ. ಈ ತೊಡಕನ್ನು ಬಿಡಿಸುವುದಕ್ಕಾಗಿ 1942ರಲ್ಲಿ ಓ'ರಾಹಿಲಿ ಎಂಬ ವಿದ್ವಾಂಸನು ಪ್ಯಾಟ್ರಿಕರು ಇಬ್ಬರೆಂದು ವಾದಿಸಬೇಕಾಯಿತು. ಗಾರೆಯನ್ನು ತುಂಬುತ್ತ ಹೋದರೆ ಒಂದು ಮನೆಯು ಎರಡಾಗುವುದು ಹೀಗೆ. ಪ್ಯಾಟ್ರಿಕನು ಹೇಳದೆ ಬಿಟ್ಟ ಕಾಲವನ್ನು ಹೇಳದೆ ಬಿಟ್ಟುದೆಂದೇ ತಿಳಿಯುವ ಧೈರ್ಯ ಬೇಕು.

ಈ ನಿಯಮವು ಹಳೆಯ ಮಾಹಾತ್ಮ್ಯಗಳಿಗೆ ಮಾತ್ರ ಅನ್ವಯಿಸಿ, ಹೊಸ ಮಾಹಾತ್ಮ್ಯಗಳನ್ನು ಬಿಟ್ಟುಬಿಟ್ಟರೆ ಅದು ಪಕ್ಷಪಾತವಾಗುತ್ತದೆ. 1995ರಲ್ಲಿ ಟಾಮಸ್ ಕೆಹಿಲ್ ಎಂಬ ಅಮೆರಿಕದ ಗ್ರಂಥಕಾರನು, ಲೋಕದ ಚರಿತ್ರೆಯಲ್ಲಿ ದಾಸ್ಯಪದ್ಧತಿಯನ್ನು ನಿಸ್ಸಂದಿಗ್ಧವಾಗಿ ಖಂಡಿಸಿದ ಮೊದಲನೆಯ ಮನುಷ್ಯನು ಪ್ಯಾಟ್ರಿಕನೇ ಎಂದು ಬರೆದನು. ಆ ಗ್ರಂಥವು ಬಹಳ ಜನಪ್ರಿಯವೂ ಆಯಿತು. ಈ ಹೊಗಳಿಕೆಯು ಕಿವಿಗೆ ಇಂಪಾಗಿದೆ. ಓಲೆಯಲ್ಲಿ ಮಾತ್ರ ಇದಕ್ಕೆ ಆಧಾರವಿಲ್ಲ. ಪ್ಯಾಟ್ರಿಕನು ಖಂಡಿಸಿದುದು ದೀಕ್ಷಿತರಾದ ಕ್ರೈಸ್ತರನ್ನು ಕೊಂದು, ಸೆರೆಹಿಡಿದು, ಮಾರಿದ ಕ್ರೈಸ್ತರನ್ನು. ತನ್ನ ತಂದೆಯ ಮನೆಯ ಆಳುಗಳನ್ನೂ ತೊತ್ತುಗಳನ್ನೂ ದರೋಡೆಗಾರರು ಹಾಳುಮಾಡಿದುದನ್ನು ಅವನು ದುಃಖದಿಂದ ನೆನೆಯುತ್ತಾನೆ; ಆ ಮನೆಯಲ್ಲಿ ಆಳುಗಳೂ ತೊತ್ತುಗಳೂ ಏಕಿದ್ದರೆಂದು ಕೇಳಿಕೊಳ್ಳುವುದಿಲ್ಲ. ದಾಸರನ್ನು ಒಡೆತನದಲ್ಲಿಟ್ಟುಕೊಳ್ಳುವುದೇ ಪಾಪವೆಂದು ಅವನಿಗಿಂತ ಮೊದಲೇ, ನಾಲ್ಕನೆಯ ಶತಮಾನದ ಕೊನೆಯ ಭಾಗದಲ್ಲಿ, ನಿಸ್ಸಾದ ಗ್ರೆಗೊರಿ ಎಂಬ ಧರ್ಮಗುರುವು ಉಪದೇಶಿಸಿದ್ದನು. ಹಾಗಾದರೆ ಪ್ಯಾಟ್ರಿಕನ ಹಿರಿಮೆಯು ಕುಗ್ಗಿತೆ? ಇಲ್ಲ, ಅದು ಇರುವ ಸ್ಥಳವು ಗೊತ್ತಾಯಿತು. ಗ್ರೆಗೊರಿಯದು ತತ್ತ್ವ ವಿಚಾರ ಮಾಡಿದವನ ಮಾತು. ಪ್ಯಾಟ್ರಿಕನದು ಮಾರಿಹೋಗಿ ಬದುಕಿಬಂದವನ ಮಾತು. ದಾಸ್ಯದಲ್ಲಿರುವ ಹೆಂಗಸರು ಎಲ್ಲರಿಗಿಂತಲೂ ಹೆಚ್ಚಾಗಿ ಸಂಕಟಪಡುತ್ತಾರೆಂದೂ, ಬೆದರಿಕೆಗಳನ್ನೂ ಭಯವನ್ನೂ ಸಹಿಸಿ ತಮ್ಮ ವ್ರತವನ್ನು ಬಿಡದೆ ನಡೆಯುತ್ತಾರೆಂದೂ ಅವನು ಆತ್ಮನಿವೇದನೆಯಲ್ಲಿ ಬರೆದಿದ್ದಾನೆ. ಕಣ್ಣಾರೆ ಕಂಡವನಲ್ಲದೆ ಬೇರೆಯವನು ಈ ಭೇದವನ್ನು ಗುರುತಿಸುವುದು ಅಪೂರ್ವ.

ಆದಕಾರಣ ಪ್ಯಾಟ್ರಿಕನನ್ನು ತಿಳಿಯಬಯಸುವವರು ಮೊದಲು ಆ ಎರಡು ಬರಹಗಳನ್ನು ಆದ್ಯಂತವಾಗಿ ಓದತಕ್ಕದ್ದು. ಅವನ ಲ್ಯಾಟಿನ್ ಒರಟೆಂದು ಅವನೇ ನಾಚಿಕೊಳ್ಳುತ್ತಾನೆ. ಓದು ಕಲಿಯಬೇಕಾದ ವಯಸ್ಸಿನಲ್ಲಿ ಸೆರೆಯಾದವನ ಭಾಷೆಯೆಂಬುದನ್ನು ನೆನಪಿನಲ್ಲಿಟ್ಟು ಅದನ್ನು ಓದಬೇಕು. ಹೆಜ್ಜೆಹೆಜ್ಜೆಗೂ ಬೈಬಲಿನ ಮಾತುಗಳು ಬರುತ್ತವೆ. ಎಲ್ಲಿ ಅವನು ಬೈಬಲಿನ ನುಡಿಯಲ್ಲಿ ಮಾತನಾಡುತ್ತಾನೆ, ಎಲ್ಲಿ ತನ್ನ ನುಡಿಯಲ್ಲಿ ಮಾತನಾಡುತ್ತಾನೆ ಎಂಬುದನ್ನು ವಿವೇಚಿಸಬೇಕು. ಅವನು ಹೇಳಿದುದನ್ನೂ ಹೇಳದೆ ಬಿಟ್ಟುದನ್ನೂ ಬೇರೆಬೇರೆಯಾಗಿ ಗುರುತಿಸಿಕೊಂಡ ತರುವಾಯ ಮುಯಿರ್ಖುವನ್ನೂ ತೀರೆಖಾನನನ್ನೂ ತೆರೆಯಲಿ. ಆಗ ಅವರು ಎಲ್ಲಿ ಕೂಡಿಸಿದರು, ಎಲ್ಲಿ ಕಳೆದರು, ಯಾರ ಲಾಭಕ್ಕಾಗಿ ಎಂಬುದು ತಾನಾಗಿಯೇ ಹೊಳೆಯುತ್ತದೆ. ಈ ಕ್ರಮವನ್ನು ತಲೆಕೆಳಗೆ ಮಾಡಿದವರಿಗೆ ಓಲೆಯು ಕೈಯಲ್ಲಿದ್ದರೂ ಕಾಣುವುದು ನರಿಯೇ.

ಓಲೆಯ ಕೊನೆಯ ಖಂಡದಲ್ಲಿ ಪ್ಯಾಟ್ರಿಕನು ಒಂದು ಬೇಡಿಕೆಯನ್ನು ಮುಂದಿಡುತ್ತಾನೆ. ದೇವರ ಸೇವಕನಾದ ಯಾವನಾದರೂ ಮನಸ್ಸುಮಾಡಿ ಈ ಓಲೆಯನ್ನು ಒಯ್ಯಬೇಕು. ಯಾರೂ ಇದನ್ನು ತೆಗೆದುಹಾಕಬಾರದು, ಬಚ್ಚಿಡಬಾರದು. ಜನರೆಲ್ಲರ ಮುಂದೆ, ಕೊರೊಟಿಕಸನು ಅಲ್ಲಿಯೇ ಇರುವಾಗ, ಇದನ್ನು ಓದಬೇಕು ಎಂಬುದು ಅವನ ಕೋರಿಕೆ. ಅವನ ಹೆಸರಿನಲ್ಲಿ ಮಂದಿರಗಳೆದ್ದವು, ಹಬ್ಬಗಳು ನಡೆದವು, ಹಾವುಗಳು ಓಡಿದವು. ಅವನು ಬಾಯಿಬಿಟ್ಟು ಕೇಳಿದುದು ಇಷ್ಟೇ. ಅದನ್ನು ನಡಸಿಕೊಡುವುದು ಇಂದಿನ ಓದುಗನಿಗೂ ಸಾಧ್ಯ. ಅದಕ್ಕೆ ಒಂದು ಸಂಜೆಯ ಬಿಡುವು ಸಾಕು.